ತಕ್ಕಡಿ ನೋಡಿ ಕುಣಿಯಬೇಡ

ಪುಟ್ಟಾ,

ನಿನ್ನ ಪತ್ರ ಓದಿದೆ. ಅನ್ನ, ಸಕ್ಕರೆ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಕೀಟೋ ಪಥ್ಯ ಶುರು ಮಾಡಿದ ಮೊದಲ ವಾರದಲ್ಲೇ ಮೂರು ಕಿಲೋ ಇಳಿಯಿತು, ಇನ್ನು ಮೂರು ದಿನ ಬರೀ ನೀರು ಕುಡಿದು ಉಪವಾಸ ಇರುತ್ತೇನೆ ಅಂತ ಬರೆದಿದ್ದೀಯ. ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು.

ಆ ಮೂರು ಕಿಲೋದಲ್ಲಿ ಜಾಸ್ತಿ ಪಾಲು ನೀರು ಕಣೋ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಗ್ಲೈಕೋಜನ್, ಅಂದರೆ ಮೈ ಉಳಿಸಿಟ್ಟ ಸಕ್ಕರೆ, ಕೂಡಿಟ್ಟಿರುತ್ತದೆ. ಒಂದೊಂದು ಗ್ರಾಂ ಜೊತೆಗೂ ಮೂರು ಗ್ರಾಂನಷ್ಟು ನೀರು. ಗ್ಲೈಕೋಜನ್ ಕರಗಿದರೆ ನೀರೂ ಹೋಗುತ್ತದೆ. ಮೊದಲಿನ ಊಟಕ್ಕೆ ಮರಳಿದರೆ ಅಷ್ಟೇ ಬೇಗ ವಾಪಸ್ ಬರುತ್ತದೆ.

ನೀನು ಮರೆತಿರುವುದು ಒಂದಿದೆ. ಕೀಟೋ ಹುಟ್ಟಿದ್ದೇ ಉಪವಾಸದ ನಕಲಾಗಿ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಇದನ್ನು ಸೂಚಿಸಿದ್ದು ತೂಕಕ್ಕಲ್ಲ, ಮೂರ್ಛೆರೋಗಕ್ಕೆ. ಉಪವಾಸ ಇದ್ದರೆ ಫಿಟ್ಸ್ ಕಡಿಮೆಯಾಗುತ್ತಿತ್ತು. ಆದರೆ ರೋಗಿಯನ್ನು ಎಷ್ಟು ದಿನ ಅಂತ ಉಪವಾಸ ಕೆಡವುವುದು? ಅದಕ್ಕೆ ಕೊಬ್ಬು ತಿನ್ನಿಸಿಯೇ ಕೀಟೋನ್ (ಉಪವಾಸದಲ್ಲಿ ಲಿವರ್ ಕೊಬ್ಬಿನಿಂದ ಮಾಡುವ ಇಂಧನ) ಬರುವಂತೆ ಮಾಡಿದರು. ಅಂದರೆ ನಿನ್ನ ಮೈ ಈಗಾಗಲೇ ಅರ್ಧ ಉಪವಾಸದಲ್ಲಿದೆ. ಹಸಿವು ಅಷ್ಟಾಗಿ ಕಾಡದೇ ಇರುವುದಕ್ಕೆ ಅದೂ ಒಂದು ಕಾರಣ. ಮೋಸ ಹೋಗುವುದೂ ಅಲ್ಲೇ.

ನಾನೂ ಉಪವಾಸಕ್ಕೆ ಇಳಿದು ಹಾಗೇ ಮೋಸಹೋದವಳು. ಎರಡನೇ ದಿನ ಮನಸ್ಸು ಎಷ್ಟು ಹಗುರವಾಗಿತ್ತು ಅಂದರೆ ಮೂರನೇ ದಿನವೂ ಮುಂದುವರಿಸಿದೆ. ರಾತ್ರಿ ಬಚ್ಚಲಿಗೆ ಹೋಗಲು ಎದ್ದವಳು ಬಾಗಿಲ ಬಳಿ ಕುಸಿದೆ. ಕಾರಣ ಉಪ್ಪಿನ ಕೊರತೆ! ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪಿನಲ್ಲಿರುವ ಸೋಡಿಯಂ ಹೊರಹಾಕುತ್ತದೆ, ಅದರ ಹಿಂದೆ ನೀರು. ಬಿಪಿ ಬೀಳುತ್ತದೆ. ಕೀಟೋದಲ್ಲೇ ಇದು ಆಗುತ್ತಿರುತ್ತದೆ, ಉಪವಾಸದಲ್ಲಿ ಉಪ್ಪು ಒಳಗೆ ಬರುವುದೇ ಇಲ್ಲ. ನಾನು ಬಿಪಿ ಮಾತ್ರೆಯನ್ನೂ ಎಂದಿನಂತೆ ನುಂಗಿದ್ದೆ, ಜಾಣೆ! ತಲೆನೋವು, ಕಾಲು ಹಿಡಿದುಕೊಳ್ಳುವುದು, ಎದೆ ಡವಡವ, ಇವೆಲ್ಲ ಮೊದಲೇ ಬಂದಿದ್ದವು. ಕೊಬ್ಬು ಕರಗುತ್ತಿದೆ ಅಂದುಕೊಂಡು ಸುಮ್ಮನಿದ್ದೆ. ಬರೀ ನೀರು ಜಾಸ್ತಿ ಕುಡಿದರೂ ಆಗುವುದಿಲ್ಲ, ಇದ್ದ ಸೋಡಿಯಂ ಇನ್ನೂ ತೆಳುವಾಗುತ್ತದೆ ಅಷ್ಟೆ.

ಕೊಬ್ಬು ಕರಗುವುದಿಲ್ಲ ಅಂತಲ್ಲ, ಕರಗುತ್ತದೆ. ಆದರೆ ಮೆದುಳು ಪೂರ್ತಿ ಕೀಟೋನ್‌ನಲ್ಲೇ ನಡೆಯುವುದಿಲ್ಲ, ಒಂದಿಷ್ಟು ಗ್ಲೂಕೋಸ್ ಬೇಕೇ ಬೇಕು. ಊಟವಿಲ್ಲದಾಗ ಲಿವರ್ ಅದನ್ನು ಸ್ನಾಯುವಿನ ಪ್ರೋಟೀನ್‌ನಿಂದಲೂ ತಯಾರಿಸುತ್ತದೆ. ನೀನು ಜಿಮ್‌ನಲ್ಲಿ ಬೆವರು ಸುರಿಸಿ ಕಟ್ಟಿದ್ದನ್ನೇ ಒಲೆಗೆ ಹಾಕಿದ ಹಾಗಲ್ವಾ? ಯೂರಿಕ್ ಆಸಿಡ್ ಕೂಡ ಏರುತ್ತದೆ. ಅದು ಕೀಲಿನಲ್ಲಿ ಕೂತು ನೋಯಿಸುವ ಗೌಟ್ ಇದ್ದವರಿಗೆ ಕಾಲಿನ ಹೆಬ್ಬೆರಳೇ ಅದನ್ನು ಹೇಳುತ್ತದೆ.

ಮಾಡಲೇಬೇಕು ಅಂತಿದ್ದರೆ ಹನ್ನೆರಡು, ಹದಿನಾಲ್ಕು ಗಂಟೆಗಳ ಉಪವಾಸದಿಂದ ಶುರು ಮಾಡು. ಮೂರು ದಿನದ ಮಾತು ಡಾಕ್ಟರ್ ಒಪ್ಪಿದ ಮೇಲೆ.

ಒಂದು ವಿಷಯದಲ್ಲಿ ಮಾತ್ರ ಹಟ ಮಾಡುತ್ತೇನೆ. ನೀನು ಶುಗರ್ ಮಾತ್ರೆ ತೆಗೆದುಕೊಳ್ಳುತ್ತೀಯಲ್ಲ, ಅದರ ಹೆಸರು ‘ಗ್ಲಿಫ್ಲೋಜಿನ್’ ಅಂತ ಮುಗಿಯುತ್ತದಾ ನೋಡು. ಆ ಜಾತಿಯ ಮಾತ್ರೆ, ಕೀಟೋ, ಉಪವಾಸ ಮೂರೂ ಸೇರಿದರೆ ರಕ್ತ ಆಮ್ಲವಾಗಿ ಪ್ರಾಣಕ್ಕೇ ಬರಬಹುದು. ಅದೂ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಏರದೆ! ಬೇರೆ ಕೆಲವು ಮಾತ್ರೆಗಳಲ್ಲಿ ಉಲ್ಟಾ, ಶುಗರ್ ಪಾತಾಳಕ್ಕೆ ಇಳಿಯುತ್ತದೆ. ನೀನಾಗಿಯೇ ಯಾವುದನ್ನೂ ನಿಲ್ಲಿಸಬೇಡ.

ಈಗಲೇ ಎದ್ದು ಆ ಸ್ಟ್ರಿಪ್ ನೋಡಿ ಹೆಸರು ಬರೆದು ಕಳಿಸು. ಅಲ್ಲಿಯವರೆಗೆ ರಾತ್ರಿ ಊಟ ಬಿಡಬೇಡ.

ನಿನ್ನ ಚಿಕ್ಕಮ್ಮ