ಅಪ್ಪಾಜಿ, ನೀವು ಹೇಳಿದ ಖೇಣಿಯ ಮಾತು

ಪಿಟ್ಸ್‌ಬರ್ಗ್
14 ಸೆಪ್ಟೆಂಬರ್ 2025, ಭಾನುವಾರ

ತೀರ್ಥರೂಪು ಅಪ್ಪಾಜಿಯವರಿಗೆ, ನಿಮ್ಮ ಮಗಳು ಸುಧಾ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಇವರ ಆಫೀಸಿನವರೊಬ್ಬರು ಗುರುವಾರ ಬೆಂಗಳೂರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ನಿಮ್ಮ ಮೊಣಕಾಲಿನ ಪಟ್ಟಿ, ಅಮ್ಮನಿಗೆ ಒಂದು ಸ್ವೆಟರ್ ಕಳಿಸುತ್ತಿದ್ದೇನೆ. ಪಟ್ಟಿ ಎರಡಿವೆ, ಒಂದನ್ನು ಒಗೆದಾಗ ಇನ್ನೊಂದು ಹಾಕಿಕೊಳ್ಳಿ. ಜೊತೆಗೆ ಈ ಪತ್ರ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧದಲ್ಲಿ ಅಮ್ಮನೇ ಮಾತಾಡುತ್ತಾರೆ.

ಹೋದ ಭಾನುವಾರ ಚೇತು ಕೇಳಿದ್ದು ನೆನಪಿದೆಯಾ? "ಚಿಕ್ಕಮ್ಮ, ನಿಮ್ಮ ಕಡೆ ಬೇಸ್‌ಬಾಲ್‌ನಲ್ಲಿ ಒಂದೂ ದೊಡ್ಡ ಮ್ಯಾಚ್ ಆಡದ ಹುಡುಗನಿಗೆ ಎಂಟು ಕೋಟಿ ಡಾಲರ್ ಕೊಟ್ಟರಂತೆ, ಹೌದಾ?" ಅಂದ. ನಾನು ಹೂಂ ಅನ್ನುವಷ್ಟರಲ್ಲಿ ಹಿಂದಿನಿಂದ ನಿಮ್ಮ ದನಿ ಬಂತು. "ಗೊನೆ ಬಲಿಯೋಕೆ ಮುಂಚೆ ಖೇಣಿ ಕೊಟ್ಟಂಗಾಯ್ತು ಬಿಡಲೇ." ಅಡಿಕೆ ಇನ್ನೂ ಮರದಲ್ಲಿರುವಾಗಲೇ ಫಸಲನ್ನೆಲ್ಲ ಒಬ್ಬನಿಗೆ ಮಾರಿಬಿಡುವ ಖೇಣಿಯ ಆ ಮಾತು ವಾರವೆಲ್ಲ ತಲೆಯಲ್ಲೇ ಸುತ್ತುತ್ತಿದೆ. ಇಲ್ಲಿ ಟಿವಿಯಲ್ಲಿ ಕೋಟು ಹಾಕಿಕೊಂಡು ಗಂಟೆಗಟ್ಟಲೆ ಕೊರೆಯುವವರು ಯಾರೂ ಇಷ್ಟು ಸರಿಯಾಗಿ ಹೇಳಿದ್ದಿಲ್ಲ. ಆದರೆ ಒಂದು ಕಡೆ ನಿಮ್ಮ ಮಾತು ಹೊಂದುವುದಿಲ್ಲ. ಅದನ್ನು ಹೇಳೋಣ ಅಂತಲೇ ಬರೆಯಲು ಕೂತೆ.

ಚೇತು ಕೇಳಿದ ಹುಡುಗ ಜಾಕ್ಸನ್ ಚೌರಿಯೊ. ವೆನೆಜುವೆಲಾದ ಮರಕೈಬೊ ಊರಿನವನು. 2023ರ ಡಿಸೆಂಬರ್‌ನಲ್ಲಿ ಮಿಲ್ವಾಕಿ ಬ್ರೂವರ್ಸ್ ಟೀಮು ಅವನ ಜೊತೆ ಎಂಟು ವರ್ಷಕ್ಕೆ 8.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಆಗ ಅವನಿಗೆ 19 ವರ್ಷ. ನಮ್ಮ ದುಡ್ಡಿನಲ್ಲಿ 700 ಕೋಟಿಗೂ ಜಾಸ್ತಿ. ಆಡದವನಿಗೆ ಇಷ್ಟೊಂದು ಯಾಕೆ ಅಂತ ಅಮ್ಮ ಕೇಳಿದರು. ನನಗೆ ಬಂದ ಪ್ರಶ್ನೆ ಬೇರೆ. ಇಷ್ಟು ಕಮ್ಮಿಗೆ ಅವನು ಯಾಕೆ ಒಪ್ಪಿದ?

ನಗಬೇಡಿ. ಬೇಸ್‌ಬಾಲ್ ಅಂದರೆ ಕ್ರಿಕೆಟ್ಟಿನ ದಾಯಾದಿ ಅಂದುಕೊಳ್ಳಿ, ಆದರೆ ದುಡ್ಡಿನ ಲೆಕ್ಕದಲ್ಲಿ ಪೂರ್ತಿ ಬೇರೆ ಮನೆ. ಇಲ್ಲಿ ಹುಡುಗ ದೊಡ್ಡ ಲೀಗಿಗೆ ಬಂದ ಮೇಲೆ ಆರು ವರ್ಷ ಅವನು ಆ ಟೀಮಿನ ಸ್ವತ್ತು. ಬೇರೆ ಟೀಮು ಅವನ ಕಡೆ ಕಣ್ಣೆತ್ತಿ ನೋಡುವಂತಿಲ್ಲ. ಮೊದಲ ಮೂರು ವರ್ಷ ಟೀಮು ಕೊಟ್ಟಷ್ಟೇ ಸಂಬಳ. ಕಡಿಮೆ ಅಂದರೆ ಇಷ್ಟು ಅಂತ ಒಂದು ಗೆರೆ ಇದೆ, 2025ಕ್ಕೆ ಅದು 7,60,000 ಡಾಲರ್. ನಮಗೆ ಅದೇ ಆರೂವರೆ ಕೋಟಿ ರೂಪಾಯಿಗೂ ಜಾಸ್ತಿ, ಸುಮ್ನೆ ಅಲ್ಲ. ಆದರೆ ಆರು ವರ್ಷ ಮುಗಿಸಿ, ಇನ್ನು ಯಾವ ಟೀಮಿಗಾದರೂ ಹೋಗಬಹುದು ಅಂತ ಬಯಲಿಗೆ ಬಂದವರ ಬೆಲೆ ನೋಡಿ. ಹ್ವಾನ್ ಸೊಟೊ ಅನ್ನುವವನಿಗೆ 2022ರಲ್ಲಿ ಅವನ ಟೀಮು 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇನೆ ಅಂದಿತು. ಅವನು ಬೇಡ ಅಂದ. ಅವನಿಗೆ ತಲೆ ಕೆಟ್ಟಿದೆ ಅಂದವರು ಬೇಕಾದಷ್ಟು ಜನ. 2024ರ ಡಿಸೆಂಬರ್‌ನಲ್ಲಿ ಅವನು ಬಯಲಿಗೆ ಬಂದ, ನ್ಯೂಯಾರ್ಕ್ ಮೆಟ್ಸ್ 76.5 ಕೋಟಿ ಡಾಲರ್ ಕೊಟ್ಟಿತು. ಅದೂ 15 ವರ್ಷಕ್ಕೇ.

ಈಗ ನಿಮ್ಮ ಖೇಣಿಗೆ ಬರೋಣ. ಖೇಣಿದಾರ ತೋಟ ಸುತ್ತುತ್ತಾನೆ, ಗೊನೆ ಎಣಿಸುತ್ತಾನೆ, ಕತ್ತೆತ್ತಿ ನೋಡಿ ಇಷ್ಟು ಕ್ವಿಂಟಲ್ ಆದೀತು ಅಂತ ಮನಸ್ಸಿನಲ್ಲೇ ಅಂದಾಜು ಹಾಕಿ ಮುಂಗಡ ಕೊಡುತ್ತಾನೆ. ಆಮೇಲೆ ಮಳೆ ಹೆಚ್ಚಾದರೆ, ಕೊಳೆ ರೋಗ ಬಂದರೆ, ದರ ಬಿದ್ದರೆ ಅವನ ತಲೆನೋವು. ದರ ಏರಿದರೆ ಅವನ ಲಾಭ. ಇಲ್ಲಿಯೂ ಅದೇ. ಟೀಮಿನ ಕಡೆಯವರು ಹುಡುಗನ ಭುಜ, ಕಣ್ಣು, ಓಟ ಎಲ್ಲ ನೋಡಿ, ಮುಂದಿನ ಎಂಟು ವರ್ಷದ ಫಸಲನ್ನು ಈಗಲೇ ಬೆಲೆ ಕಟ್ಟಿ ಕೊಳ್ಳುತ್ತಾರೆ. ಆರು ವರ್ಷ ಹೇಗೂ ಅವರದೇ. ಅದರ ಮೇಲೆ ಒಂದೆರಡು ವರ್ಷ ಜಾಸ್ತಿ ಹಿಡಿದಿಟ್ಟುಕೊಳ್ಳುವುದೇ ಅವರ ಅಸಲಿ ಲಾಭ. ಕೊನೆಯಲ್ಲಿ ಇನ್ನೆರಡು ವರ್ಷ "ಬೇಕಾದರೆ ಇಟ್ಟುಕೊಳ್ಳುತ್ತೇವೆ, ಬೇಡವಾದರೆ ಬಿಡುತ್ತೇವೆ" ಅಂತಲೂ ಬರೆಸಿಕೊಳ್ಳುತ್ತಾರೆ. ಬೇಕೋ ಬೇಡವೋ ಹೇಳುವುದು ಟೀಮು, ಹುಡುಗ ಅಲ್ಲ. ಇದನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದ್ದು ಕ್ಲೀವ್‌ಲೆಂಡ್ ಟೀಮಿನ ಜಾನ್ ಹಾರ್ಟ್, 1990ರ ದಶಕದ ಆರಂಭದಲ್ಲಿ.

ಇಲ್ಲಿಯವರೆಗೆ ನಿಮ್ಮ ಮಾತು ಸರಿ. ಹೊಂದದ ಜಾಗ ಯಾವುದು ಗೊತ್ತಾ? ನಮ್ಮ ತೋಟಕ್ಕೆ ಚನ್ನಗಿರಿಯಿಂದ ಒಬ್ಬ ಬಂದ, ದರ ಕಮ್ಮಿ ಅನ್ನಿಸಿತು, ನೀವು ಮಜ್ಜಿಗೆ ಕೊಟ್ಟು ಕಳಿಸಿದಿರಿ. ಮಾರನೇ ದಿನ ಇನ್ನೊಬ್ಬ ಬಂದ. ಯಾರೂ ಬೇಡ ಅಂದರೆ ನಾವೇ ಕೊಯ್ದು, ಸುಲಿಸಿ, ಬೇಯಿಸಿ ಅಡಿಕೆ ಸೊಸೈಟಿಗೆ, ತುಮ್ಕೋಸ್‌ಗೆ ಹಾಕಬಹುದು. ಇಲ್ಲಿನ ಹುಡುಗನ ತೋಟಕ್ಕೆ ಖೇಣಿದಾರ ಒಬ್ಬನೇ. ಬೇರೆಯವರು ಬೇಲಿ ದಾಟುವಂತಿಲ್ಲ, ಇವನೇ ಕೊಯ್ದು ಮಾರುವಂತೆಯೂ ಇಲ್ಲ. ಎದುರಿಗೆ ಒಬ್ಬನೇ ಕೂತಿದ್ದರೆ ಅದಕ್ಕೆ ಚೌಕಾಸಿ ಅಂತ ಹೆಸರೇನು? ಚೇತು ಹೇಳುವ ಐಪಿಎಲ್ ಹರಾಜು ಎಷ್ಟೇ ಗದ್ದಲ ಇರಲಿ, ಅಲ್ಲಿ ಕೈ ಎತ್ತಲು ಹತ್ತು ಟೀಮುಗಳಿರುತ್ತವೆ. ಅದಕ್ಕೇ ಹೋದ ವರ್ಷ 13 ವರ್ಷದ ವೈಭವ್ ಸೂರ್ಯವಂಶಿಯ ಬೆಲೆ 1.1 ಕೋಟಿಗೆ ಹೋಯಿತು.

ಆರು ವರ್ಷ ಎಣಿಸುವುದರಲ್ಲಿಯೂ ಕೈಚಳಕ ಇದೆ. 172 ದಿನ ದೊಡ್ಡ ಟೀಮಿನಲ್ಲಿದ್ದರೆ ಒಂದು ವರ್ಷ ಅಂತ ಲೆಕ್ಕ. 2015ರಲ್ಲಿ ಶಿಕಾಗೊ ಕಬ್ಸ್ ಕ್ರಿಸ್ ಬ್ರಯಂಟ್ ಅನ್ನುವ ಹುಡುಗನನ್ನು ಸೀಸನ್ ಶುರುವಾದ ಮೇಲೂ ಕೆಳಗಿನ ಲೀಗಿನಲ್ಲೇ ಇಟ್ಟು, ಏಪ್ರಿಲ್ 17ಕ್ಕೆ ಮೇಲಕ್ಕೆ ಕರೆಸಿತು. ವರ್ಷದ ಕೊನೆಗೆ ಅವನ ಲೆಕ್ಕ 171 ದಿನ. ಒಂದೇ ದಿನ ಕಮ್ಮಿ! ಆ ಒಂದು ದಿನಕ್ಕೆ ಆರು ವರ್ಷ ಏಳಾಯಿತು. ಅವನು ಆ ವರ್ಷದ ಶ್ರೇಷ್ಠ ಹೊಸಬ, ಮರುವರ್ಷ ಲೀಗಿನ ಅತ್ಯುತ್ತಮ ಆಟಗಾರ. ದೂರು ಕೊಟ್ಟ. 2020ರಲ್ಲಿ ತೀರ್ಪು ಅವನ ವಿರುದ್ಧವೇ ಬಂತು. ಈಗ ನಿಯಮ ಸ್ವಲ್ಪ ಬದಲಾಗಿದೆ, ಶ್ರೇಷ್ಠ ಹೊಸಬರ ಓಟಿನಲ್ಲಿ ಮೊದಲೆರಡು ಸ್ಥಾನಕ್ಕೆ ಬಂದವರಿಗೆ ಪೂರ್ತಿ ವರ್ಷ ಎಣಿಸುತ್ತಾರೆ.

ಮೂರು ವರ್ಷ ಕಳೆದ ಮೇಲೆ ಸಂಬಳದ ಪಂಚಾಯ್ತಿ ಬರುತ್ತದೆ. ಇದು ನಿಮಗೆ ಇಷ್ಟವಾಗಬಹುದು. ಆಟಗಾರ ಒಂದು ಮೊತ್ತ ಬರೆದುಕೊಡುತ್ತಾನೆ, ಟೀಮು ಒಂದು ಬರೆದುಕೊಡುತ್ತದೆ. ಮೂವರು ಪಂಚರು ಎರಡರಲ್ಲಿ ಒಂದನ್ನು ಎತ್ತಬೇಕು. ಮಧ್ಯಕ್ಕೆ ಕಡಿದು ಇಬ್ಬರನ್ನೂ ಸಮಾಧಾನ ಮಾಡುವ ನಮ್ಮೂರ ಪದ್ಧತಿ ಇಲ್ಲ. ಕೆಟ್ಟ ವಿಷಯ ಅಂದರೆ, ಟೀಮಿನವರು ಹುಡುಗನ ಎದುರೇ ಅವನಲ್ಲಿ ಏನೇನು ಊನ ಇದೆ ಅಂತ ವಾದಿಸುತ್ತಾರೆ. ವಾರ ಕಳೆದರೆ ಅವನು ಅದೇ ಟೀಮಿನ ಅಂಗಿ ಹಾಕಿಕೊಂಡು ಆಡಬೇಕು.

ನಮ್ಮೂರಿನ (ಈಗ ಪಿಟ್ಸ್‌ಬರ್ಗ್ ಕೂಡ ನಮ್ಮೂರು ಅನ್ನುತ್ತೇನೆ, ಅಮ್ಮನಿಗೆ ಹೇಳಬೇಡಿ) ಪೈರೇಟ್ಸ್ ಟೀಮಿನಲ್ಲಿ ಪಾಲ್ ಸ್ಕೀನ್ಸ್ ಅಂತ ಬೌಲರ್ ಇದ್ದಾನೆ, ಇಲ್ಲಿ ಪಿಚರ್ ಅನ್ನುತ್ತಾರೆ. ಗಂಟೆಗೆ ನೂರು ಮೈಲಿ ಎಸೆಯುತ್ತಾನೆ. 2024ರ ಮೇನಲ್ಲಿ ಬಂದವನು ಆ ವರ್ಷವೇ ಶ್ರೇಷ್ಠ ಹೊಸಬನಾದ. ಅವನು ಎಸೆಯುವ ದಿನ ನದಿಯ ಮೇಲಿನ ಕ್ಲೆಮೆಂಟೆ ಸೇತುವೆ ತುಂಬ ಅವನ ಹೆಸರಿನ ಅಂಗಿಗಳೇ. ಅವನ 2025ರ ಸಂಬಳ 8,75,000 ಡಾಲರ್. ಟೀಮಿಗೆ ಸೇರುವಾಗ 92 ಲಕ್ಷ ಡಾಲರ್ ಕೈಗೆ ಬಂದಿತ್ತು, ಹಾಗಾಗಿ ಅವನಿಗೆ ಅವಸರ ಇಲ್ಲ, ಕಾಯಬಲ್ಲ. ಎಲ್ಲರಿಗೂ ಅದು ಆಗುತ್ತದಾ?

ರೊನಾಲ್ಡ್ ಅಕೂನ್ಯ ವೆನೆಜುವೆಲಾದವನು. 2014ರಲ್ಲಿ ಅಟ್ಲಾಂಟಾ ಬ್ರೇವ್ಸ್ ಸೇರಿದಾಗ ಸಿಕ್ಕಿದ್ದು ಒಂದು ಲಕ್ಷ ಡಾಲರ್. 2019ರಲ್ಲಿ, 21ನೇ ವಯಸ್ಸಿಗೆ, ಎಂಟು ವರ್ಷಕ್ಕೆ 10 ಕೋಟಿ ಡಾಲರಿಗೆ ಸಹಿ ಹಾಕಿದ. ಅದೇ ತಿಂಗಳು ಅದೇ ಟೀಮಿನ ಆಲ್ಬೀಸ್ ಏಳು ವರ್ಷಕ್ಕೆ ಬರೀ 3.5 ಕೋಟಿಗೆ ಒಪ್ಪಿದ. ಟೀಮು ಹುಡುಗರನ್ನು ದೋಚಿತು ಅಂತ ಎಲ್ಲರೂ ಬೈದರು. 2023ರಲ್ಲಿ ಅಕೂನ್ಯ 41 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಹಾಗೆ) ಹೊಡೆದು, 73 ಬೇಸ್ ಕದ್ದು (ಪಿಚರ್‌ನ ಕಣ್ಣು ತಪ್ಪಿಸಿ ಮುಂದಿನ ಠಾಣೆಗೆ ಓಡುವುದು) ಲೀಗಿನ ಅತ್ಯುತ್ತಮ ಆಟಗಾರನಾದ. ಆ ವರ್ಷ ಅವನ ಸಂಬಳ 1.7 ಕೋಟಿ ಡಾಲರ್, ಅಂಥವನಿಗೆ ಅದು ಅರ್ಧ ಬೆಲೆಯೂ ಅಲ್ಲ.

ಆದರೆ ಅವನ ಮೊಣಕಾಲು ನೋಡಿ, ಅಪ್ಪಾಜಿ. 2021ರಲ್ಲಿ ಬಲಗಾಲಿನ ಲಿಗಮೆಂಟ್ ಹರಿಯಿತು. 2024ರಲ್ಲಿ ಎಡಗಾಲಿನದು. ಎರಡು ಸಲವೂ ಸಂಬಳ ನಿಲ್ಲಲಿಲ್ಲ. ಬೈದವರು ಯಾರೂ ಆ ಕಾಲಿನ ಮೇಲೆ ನಿಂತಿರಲಿಲ್ಲ.

ಹ್ಯೂಸ್ಟನ್ನಿನ ಜಾನ್ ಸಿಂಗಲ್ಟನ್ ಕಥೆ ಇನ್ನೂ ಚೆಂದ. 2014ರಲ್ಲಿ, ದೊಡ್ಡ ಲೀಗಿನಲ್ಲಿ ಒಂದು ಚೆಂಡೂ ಆಡುವ ಮೊದಲೇ, ಐದು ವರ್ಷಕ್ಕೆ ಒಂದು ಕೋಟಿ ಡಾಲರಿಗೆ ಸಹಿ ಹಾಕಿದ. ಅಗ್ಗಕ್ಕೆ ಮಾರಿಕೊಂಡ ಅಂತ ಬೇರೆ ಆಟಗಾರರೇ ಬಹಿರಂಗವಾಗಿ ಆಡಿಕೊಂಡರು. ಆಮೇಲೆ ಅವನ ಬ್ಯಾಟು ಕೈಕೊಟ್ಟಿತು. ದುಡ್ಡು ಮಾತ್ರ ಬಂತು. ಆ ವ್ಯಾಪಾರದಲ್ಲಿ ಸೋತದ್ದು ಖೇಣಿದಾರ. ನಮ್ಮ ಪೈರೇಟ್ಸ್‌ಗೂ ಹೀಗೆ ಆಗಿದೆ. ಮೆಕಚನ್ ಅನ್ನುವವನಿಗೆ 2012ರಲ್ಲಿ ಆರು ವರ್ಷಕ್ಕೆ 5.15 ಕೋಟಿ ಕೊಟ್ಟರು, ಮರುವರ್ಷ ಅವನೇ ಲೀಗಿನ ಅತ್ಯುತ್ತಮ ಆಟಗಾರ. ಅದೇ ಧೈರ್ಯದಲ್ಲಿ 2016ರಲ್ಲಿ ಪೊಲಾಂಕೊ ಅನ್ನುವವನಿಗೆ 3.5 ಕೋಟಿ ಕೊಟ್ಟರು, ಅವನ ಭುಜ ಹೋಯಿತು.

ಒಳ್ಳೆ ಖೇಣಿದಾರರೂ ಇದ್ದಾರೆ. ಕ್ಯಾನ್ಸಸ್ ಸಿಟಿಯ ಸಾಲ್ವಡೊರ್ ಪೆರೆಜ್ ಬರೀ 39 ಮ್ಯಾಚ್ ಆಡಿ 2012ರಲ್ಲಿ ಐದು ವರ್ಷಕ್ಕೆ 70 ಲಕ್ಷ ಡಾಲರಿಗೆ ಒಪ್ಪಿದ್ದ. 2015ರಲ್ಲಿ ಟೀಮಿಗೆ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಫೈನಲ್, ಗೆದ್ದುಕೊಟ್ಟ. ಟೀಮಿನವರಿಗೇ ಮುಜುಗರವಾಗಿರಬೇಕು, 2016ರಲ್ಲಿ ಹಳೆಯದನ್ನು ಬದಲಿಸಿ 5.25 ಕೋಟಿಯ ಹೊಸ ಒಪ್ಪಂದ ಮಾಡಿಕೊಟ್ಟರು. ದರ ಏರಿದ ವರ್ಷ ಮನೆಗೆ ಬಂದು ನಿಮ್ಮ ಕೈಗೆ ಇನ್ನಷ್ಟು ಇಟ್ಟು ಹೋದ ಆ ಹಳೇ ಸಾಬರ ನೆನಪಾಯಿತು ನನಗೆ. ಅಂಥವರು ಎಷ್ಟು ಜನ ಸಿಗುತ್ತಾರೆ?

ಇನ್ನು ಗೊನೆಗಿಂತ ಮುಂಚೆ ಹಿಂಗಾರವನ್ನೇ ಮಾರಿದವನೊಬ್ಬ ಇದ್ದಾನೆ. ಫರ್ನಾಂಡೊ ಟಾಟಿಸ್ 18ನೇ ವಯಸ್ಸಿನಲ್ಲಿ, ಕೆಳಗಿನ ಲೀಗಿನಲ್ಲಿದ್ದಾಗ, ಒಂದು ಹಣಕಾಸಿನ ಕಂಪನಿಯಿಂದ 20 ಲಕ್ಷ ಡಾಲರ್ ತೆಗೆದುಕೊಂಡು ಮುಂದಿನ ಗಳಿಕೆಯಲ್ಲಿ ನೂರಕ್ಕೆ ಹತ್ತು ಕೊಡುತ್ತೇನೆ ಅಂತ ಬರೆದುಕೊಟ್ಟನಂತೆ. 2021ರಲ್ಲಿ ಅವನಿಗೆ 34 ಕೋಟಿ ಡಾಲರಿನ ಒಪ್ಪಂದ ಸಿಕ್ಕಿತು. ಹತ್ತರಲ್ಲಿ ಒಂದು ಪಾಲು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಈ ಜೂನ್‌ನಲ್ಲಿ ಕೋರ್ಟಿಗೆ ಹೋಗಿದ್ದಾನೆ.

ಯಾಕೆ ಬರೆದುಕೊಡುತ್ತಾರೆ ಅಂದರೆ, ಕೆಳಗಿನ ಲೀಗಿನ ಸಂಬಳ ಕೇಳಿದರೆ ಗೊತ್ತಾಗುತ್ತದೆ. 2023ಕ್ಕೆ ಮುಂಚೆ ದೊಡ್ಡ ಲೀಗಿನ ಹೊಸ್ತಿಲಲ್ಲಿ ನಿಂತವರಿಗೇ ವರ್ಷಕ್ಕೆ ಕನಿಷ್ಠ 17,500 ಡಾಲರ್. 2023ರಲ್ಲಿ ಅದು 35,800 ಆಯಿತು. ಅಷ್ಟರಲ್ಲಿ ಇಲ್ಲಿ ಸಂಸಾರ ಮಾಡುವುದು ಕಷ್ಟ, ನನ್ನ ಮಾತು ನಂಬಿ. ಹೆಚ್ಚಿನವರು ಹೊಸ್ತಿಲು ದಾಟುವುದೇ ಇಲ್ಲ. 2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಹುಡುಗರನ್ನು ಇದೇ ಪೈರೇಟ್ಸ್ ಸೇರಿಸಿಕೊಂಡಿತ್ತು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಅವರೂ ಮೇಲೆ ಬರಲಿಲ್ಲ. (ಚೇತುಗೆ ಹೇಳಿ, ಇದು ಅವನ ಕ್ರಿಕೆಟ್ ರಿಂಕು ಅಲ್ಲ.)

ಹಾಗಾಗಿ ಚೌರಿಯೊ ಸಹಿ ಹಾಕಿದ್ದಕ್ಕೆ ನಾನು ಬೈಯುವುದಿಲ್ಲ. ನಾನಾದರೂ ಹಾಕುತ್ತಿದ್ದೆ. ಬೈಯುವುದಾದರೆ ಆ ಬೇಲಿಯನ್ನು ಬೈಯುತ್ತೇನೆ. ಇವರು ಮಾತ್ರ ಒಪ್ಪುವುದಿಲ್ಲ. ಬೇಲಿ ಇಲ್ಲದಿದ್ದರೆ ಎಲ್ಲ ಒಳ್ಳೆ ಹುಡುಗರೂ ನ್ಯೂಯಾರ್ಕಿಗೆ, ಲಾಸ್ ಏಂಜಲೀಸ್‌ಗೆ ಹೋಗುತ್ತಾರೆ, ನಮ್ಮಂಥ ಸಣ್ಣ ಊರಿಗೆ ಯಾರು ಉಳಿಯುತ್ತಾರೆ ಅನ್ನುತ್ತಾರೆ. ಆ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸ್ಕೀನ್ಸ್ ಹೋದರೆ ನನಗೂ ಸಂಕಟವೇ.

ಅದಿರಲಿ. ಈ ಸಲ ತೋಟ ನೋಡಲು ಎಷ್ಟು ಜನ ಬಂದಿದ್ದರು? ಮೊದಲು ಬಂದವನಿಗೇ ಹೂಂ ಅಂದುಬಿಟ್ಟಿರಾ, ಇನ್ನೂ ಮಾತುಕತೆ ನಡೆದಿದೆಯಾ? ಅಕ್ಕನ ಕೈಲಿ ಎರಡು ಸಾಲು ಬರೆಸಿ ಕಳಿಸಿ. ಅಮ್ಮನಿಗೆ ಸ್ವೆಟರ್ ತೋಳು ಉದ್ದ ಆದರೆ ಮಡಿಸಿಕೊಳ್ಳಲು ಹೇಳಿ, ಕತ್ತರಿಸುವುದು ಬೇಡ.

ಇತಿ ನಿಮ್ಮ ಮಗಳು
ಸುಧಾ