ಸೋಫಾ ಸೆಟ್ ಬುಕ್ ಮಾಡೋಕೆ ಮುಂಚೆ

ಪುಟ್ಟಿ,

ಹೊಸ ಮನೆಗೆ ಸೋಫಾ, ಡೈನಿಂಗ್ ಟೇಬಲ್, ಮಂಚ, ಬೀರು ಎಲ್ಲಾ ಒಂದೇ ಕಲರ್ ಒಂದೇ ಡಿಸೈನ್‌ನಲ್ಲಿ ಒಂದೇ ಸಲಕ್ಕೆ ಆರ್ಡರ್ ಮಾಡ್ಬಿಡ್ತೀನಿ ದೊಡ್ಡಪ್ಪಾ ಅಂತ ಮೆಸೇಜ್ ಹಾಕಿದ್ಯಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಮಂಚ ಬೇಕೇ ಬೇಕು, ತಗೋ. ಮಿಕ್ಕಿದ್ದಕ್ಕೆ ಸ್ವಲ್ಪ ತಡಿ. ಒಂದು ಕುರ್ಚಿ ಯಾಕೆ ಹಾಗೇ ಇದೆ ಅಂತ ಕೇಳಿ ನೋಡೋ ಅಭ್ಯಾಸ ಒಮ್ಮೆ ಬಂದ್ರೆ ನಿನಗೆ ಏನು ಬೇಕು ಅಂತ ನಿನಗೇ ಗೊತ್ತಾಗತ್ತೆ, ಅಂಗಡಿಯವರು ಹೇಳಬೇಕಾಗಿಲ್ಲ.

ಬಗ್ಗಿಸಿದ ಮರದ ಕೆಫೆ ಕುರ್ಚಿ ನೋಡಿರ್ತೀಯ, ಸೀಟಿಗೆ ಬೆತ್ತ ಹೆಣೆದಿರತ್ತೆ. ಅದು ಮಿಖಾಯೆಲ್ ಥೋನೆಟ್ ಅನ್ನೋ ಬಡಗಿ 1859ರಲ್ಲಿ ತಂದ ನಂಬರ್ 14 ಅನ್ನೋ ಕುರ್ಚಿ. ಮರಾನ ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿದ್ರೆ ಒಳಗಡೆ ಒತ್ತಿಕೊಳ್ಳತ್ತೆ, ಆದ್ರೆ ಹೊರಗಡೆ ಹಿಗ್ಗೋಕೆ ಒಪ್ಪಲ್ಲ, ಸೀಳಿಹೋಗತ್ತೆ. ಅದಕ್ಕೆ ಅವರು ಬೀಚ್ ಮರದ ಕೋಲಿನ ಹೊರಮೈಗೆ ಲೋಹದ ಪಟ್ಟಿ ಬಿಗಿದು, ಆ ಕಡೆ ಹಿಗ್ಗದ ಹಾಗೆ ಹಿಡಿದಿಟ್ಟು ಬಗ್ಗಿಸಿದ್ರು. ಹಿಂದಿನ ಎರಡು ಕಾಲು, ಬೆನ್ನಿನ ಕಮಾನು, ಎಲ್ಲಾ ಒಂದೇ ಕೋಲು, ಮಧ್ಯೆ ಎಲ್ಲೂ ಜಾಯಿಂಟ್ ಇಲ್ಲ! ಇಡೀ ಕುರ್ಚಿಗೆ 6 ಮರದ ಭಾಗ, 10 ಸ್ಕ್ರೂ, 2 ನಟ್ ಅಷ್ಟೇ. ಬಿಚ್ಚಿಟ್ರೆ ಒಂದು ಘನ ಮೀಟರ್ ಪೆಟ್ಟಿಗೇಲಿ 36 ಕುರ್ಚಿ ಹಿಡೀತಿತ್ತು, ಹಡಗಲ್ಲಿ ಕಳಿಸಿ ಅಲ್ಲೇ ಜೋಡಿಸೋರು. ಇಷ್ಟು ತಿಳ್ಕೊಂಡು ಆ ಕಮಾನಿನ ಮೇಲೆ ಒಂದ್ಸಲ ಕೈಯಾಡಿಸು, ನನಗಂತೂ ಇವತ್ತಿಗೂ ಖುಷಿ ಆಗತ್ತೆ.

ಹಳೇದು ಬೇರೆ, ಕ್ರಿಯೇಟಿವ್ ಬೇರೆ ಅಂತ ಮಾತ್ರ ಅಂದ್ಕೋಬೇಡ. ಚೀನಾದ ಮಿಂಗ್ ರಾಜವಂಶದ ಕಾಲದ ಬಡಗಿಗಳು ಮೊಳೆ ಇಲ್ದೆ, ಬರೀ ಕೂಡಿಕೆಗಳಲ್ಲೇ ನಿಲ್ಲೋ ಕುರ್ಚಿ ಮಾಡಿದ್ರು, ತೋಳು-ಬೆನ್ನು ಸೇರಿ ಒಂದೇ ಕಮಾನು. ಡೆನ್ಮಾರ್ಕಿನ ಕುರ್ಚಿ ಡಿಸೈನರ್ ಹಾನ್ಸ್ ವೆಗ್ನರ್ ಆ ಥರದ ಕುರ್ಚಿಗಳಿಂದ್ಲೇ ಸ್ಫೂರ್ತಿ ಪಡೆದು, ಅದನ್ನ ಹಗುರ ಮಾಡ್ತಾ ಮಾಡ್ತಾ 1949ರಲ್ಲಿ Y ಆಕಾರದ ಬೆನ್ನಿನ ವಿಶ್‌ಬೋನ್ ಕುರ್ಚಿಗೆ ಬಂದ್ರು. ಅದರ ಸೀಟನ್ನ ಸುಮಾರು 120 ಮೀಟರ್ ಕಾಗದದ ಹುರಿಯಿಂದ ಈಗಲೂ ಕೈಯಲ್ಲೇ ಹೆಣೀತಾರೆ. ಡಿಸೈನರ್ ಐಲೀನ್ ಗ್ರೇ ಅವರ ಇ-1027 ಅನ್ನೋ ಟೇಬಲ್ ಇನ್ನೊಂದು, 1920ರ ದಶಕದ್ದು. ಸ್ಟೀಲ್ ಪೈಪು, ಮೇಲೆ ದುಂಡನೆ ಗಾಜು. ಕಂಬ ನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಯಾಕೆ ಅಂದ್ರೆ ಅಡಿಪಾದ ಮಂಚದ ಕೆಳಗೆ ಜಾರಿ ಹೋಗಿ ಗಾಜು ಹಾಸಿಗೆ ಮೇಲೆ ಬರ್ಲಿ ಅಂತ, ಎತ್ತರಾನೂ ಒಂದು ಪಿನ್ ತೆಗೆದು ಹಾಕಿ ಹೆಚ್ಚು ಕಮ್ಮಿ ಮಾಡ್ಬಹುದು. ಚಂದ ಆಗ್ಲಿ ಅಂತ ಅಂಟಿಸಿದ್ದು ಅದರಲ್ಲಿ ಒಂದೂ ಇಲ್ಲ, ಆದ್ರೂ ಎಷ್ಟು ಚಂದ ನೋಡು.

ಇನ್ನು ಅಂಗಡಿಗೆ ಹೋದಾಗ ಪಾಲಿಶ್ ನೋಡಿ ಮರುಳಾಗ್ಬೇಡ, ಡ್ರಾಯರ್ ಪೂರ್ತಿ ಎಳೆದು ಮೂಲೆ ನೋಡು. ಬೆರಳಿಗೆ ಬೆರಳು ಹೆಣೆದ ಹಾಗೆ ಡವ್‌ಟೇಲ್ ಕೂಡಿಕೆ ಇದ್ರೆ ಎಳೆದೆಳೆದು ತೆಗೆದ್ರೂ ಬಿಟ್ಕೊಳ್ಳಲ್ಲ, ಬರೀ ಪಿನ್ ಹೊಡೆದು ಅಂಟು ಹಾಕಿದ್ರೆ ಮುಂಭಾಗ ಒಂದಿನ ಕೈಗೇ ಬರತ್ತೆ. ಹಲ್ಲುಗಳು ಒಂದಕ್ಕಿಂತ ಒಂದು ಚೂರು ಹೆಚ್ಚು ಕಮ್ಮಿ ಇದ್ರೆ ಕೈಯಲ್ಲಿ ಕೊಯ್ದಿದ್ದು ಇರಬಹುದು, ಅದನ್ನ ದೋಷ ಅಂತ ಬಿಟ್ಟುಬರಬೇಡ. ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗತ್ತೆ, ಒಣಗಿದಾಗ ಕುಗ್ಗತ್ತೆ. ಅದಕ್ಕೇ ಒಳ್ಳೆ ಬಡಗಿ ಬೀರು ಬಾಗಿಲಿನ ಹಲಗೇನ ಅಂಟಿಸದೆ ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಬಿಟ್ಟಿರ್ತಾನೆ. ಹಳೇ ಸಾಮಾನು ಸಿಕ್ಕಿದ್ರೆ ಉಜ್ಜಿ ಹೊಸ ವಾರ್ನಿಷ್ ಹೊಡೆಸೋಕೆ ಆತುರ ಬೇಡ, ಕಾಲ ಕಟ್ಟಿಕೊಟ್ಟ ಆ ಬಣ್ಣ ಒಂದ್ಸಲ ಹೋದ್ರೆ ಹೋಯ್ತು. ಸೆಟ್ ಮ್ಯಾಚ್ ಆಗಲ್ವಲ್ಲ ಅಂತ ಯೋಚ್ನೆನೂ ಬೇಡ, ಬೇರೆ ಬೇರೆ ಕಾಲದ ಒಳ್ಳೆ ಕೆಲಸಗಳು ಒಂದೇ ಕೋಣೇಲಿ ಚೆನ್ನಾಗೇ ಹೊಂದ್ಕೋತವೆ.

ಈಗ ಸದ್ಯಕ್ಕೆ ಊಟದ ಮೇಜು ನೋಡು. ಮೇಜಿನ ಎತ್ತರ ಸುಮಾರು 75 ಸೆಂ.ಮೀ., ಸೀಟು 45ರ ಹತ್ರ ಇರ್ಲಿ, ಆಗ ತೊಡೆಗೆ ಜಾಗ ಸಿಗತ್ತೆ. ಕುರ್ಚಿ ಮೇಲೆ ಕೂತು ಅಂಗಡಿಯವರು ಮಾತಾಡೋಷ್ಟು ಹೊತ್ತೂ ಏಳ್ಬೇಡ. ಇಷ್ಟ ಆದ್ರೆ ತಲೆಕೆಳಗು ಮಾಡಿ ಅಡಿಭಾಗದ ಫೋಟೋ ತೆಗೆದು ನಂಗೆ ಕಳ್ಸು, ನೋಡಿ ಹೇಳ್ತೀನಿ.

ನಿನ್ನ ದೊಡ್ಡಪ್ಪ