ಮಗಳಿಗೊಂದು ಪತ್ರ: ಕಳೆದ ಏಳು ರಾತ್ರಿ ಎಲ್ಲಿ ಮಲಗಿದ್ದು?

ಬದಿಯಡ್ಕ

ಮಗಳೇ,

ಶ್ರೀಲಂಕಾದ ಯುದ್ಧಕಾಲದಲ್ಲಿ ಊರು ಬಿಟ್ಟವರು ಮರಳಿದ್ದಾರೋ ಎಂದು ತಿಳಿಯಲು ನೀನು ಮಾಡಿದ ಪ್ರಶ್ನೆಗಳ ಪಟ್ಟಿ ಓದಿದೆ. ಮೊದಲನೆಯದನ್ನೇ ತೆಗೆದುಹಾಕು. ‘ನೀವು ಊರಿಗೆ ಮರಳಿದ್ದೀರಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ರೇಷನ್ನು, ತಗಡು, ಮನೆಯ ಅನುದಾನ ಎಲ್ಲ ಆ ಒಂದು ಹೌದಿನ ಹಿಂದೆಯೇ ಬಂದದ್ದಲ್ಲವೇ? ಮನೆಯ ಒಬ್ಬೊಬ್ಬರನ್ನೂ ಹಿಡಿದು ಕೇಳು. ಕಳೆದ ಏಳು ರಾತ್ರಿ ಎಲ್ಲಿ ಮಲಗಿದ್ದು? ಶಾಲೆ ಎಲ್ಲಿ? ವೋಟು ಎಲ್ಲಿ? ಹೋದ ಸಲದ ಹಬ್ಬ ಎಲ್ಲಿ ಆಯಿತು?

ಉತ್ತರ ಶ್ರೀಲಂಕಾದ ಮನ್ನಾರಿನ ಮುಸ್ಲಿಂ ಮನೆಗಳಲ್ಲಿ ನಾಲ್ಕಕ್ಕೂ ಒಂದೇ ಊರಿನ ಹೆಸರು ಬಂದೀತೆಂದು ನಂಬಿ ಕೂರಬೇಡ. 1990ರ ಅಕ್ಟೋಬರಿನಲ್ಲಿ ತಮಿಳು ಬಂಡುಕೋರರ ಎಲ್‌ಟಿಟಿಇ ಅವರನ್ನು ಉತ್ತರ ಪ್ರಾಂತ್ಯದಿಂದ ಹೊರಹಾಕಿತು. ಹೆಚ್ಚಿನವರು ದಕ್ಷಿಣಕ್ಕಿರುವ ಪುತ್ತಳಂ ಸೇರಿದರು. ಯುದ್ಧ ಮುಗಿದದ್ದು 2009ರ ಮೇಯಲ್ಲಿ. ಅಷ್ಟರಲ್ಲಿ ಪುತ್ತಳಂನಲ್ಲಿ ಹುಟ್ಟಿದ ಕೂಸು ಮದುವೆಯ ಪ್ರಾಯಕ್ಕೆ ಬಂದಿತ್ತು. ಅಪ್ಪ ಗದ್ದೆ ನೋಡಿಕೊಂಡು ಮನ್ನಾರಿನಲ್ಲಿ, ಅಮ್ಮ ಮಕ್ಕಳ ಶಾಲೆಗೆಂದು ಪುತ್ತಳಂನಲ್ಲಿ ಇದ್ದರೆ ‘ಅರ್ಧ ಮರಳಿದವರು’ ಎಂದು ಬರೆಯಬೇಡ. ಎರಡು ಊರಿನ ಸಂಸಾರವೆಂದೇ ಬರೆ.

ಊರಿನಲ್ಲಿ ಸಿಕ್ಕವರನ್ನಷ್ಟೇ ಮಾತಾಡಿಸಿದರೆ ಬಾರದವರು ಲೆಕ್ಕದಿಂದಲೇ ಜಾರುತ್ತಾರೆ. ಯುದ್ಧಕ್ಕೆ ಮೊದಲಿನ ಮತದಾರರ ಪಟ್ಟಿ, ಮಸೀದಿ ಅಥವಾ ಇಗರ್ಜಿಯ ಪುಸ್ತಕ ಸಿಗುತ್ತದೋ ನೋಡು. ಒಂದು ಹಳ್ಳಿಯ ನಲ್ವತ್ತು ಮನೆ ಆರಿಸಿ ಪ್ರತಿ ಮನೆಯನ್ನೂ ಬೆನ್ನುಹತ್ತು, ಪುತ್ತಳಂ ಆಗಲಿ, ತಮಿಳುನಾಡಿನ ನಿರಾಶ್ರಿತರ ಕ್ಯಾಂಪು ಆಗಲಿ. ನಲ್ವತ್ತರಲ್ಲಿ ಹತ್ತು ಸಿಗದಿದ್ದರೆ ಆ ಹತ್ತನ್ನೂ ವರದಿಯಲ್ಲಿ ಕಾಣಿಸು. ಒಂದೇ ಸಲ ಹೋಗಿ ಬಂದರೂ ಸಾಲದು. ಅಲ್ಲಿ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿಗೆ. ಆಗಷ್ಟೇ ಹೋದರೆ ಬಿತ್ತನೆಗೆ ಬಂದ ಗಂಡಸರನ್ನು ಕಂಡು ಊರು ತುಂಬಿತು ಎಂದುಕೊಳ್ಳುತ್ತೀ.

ಜಾಗದ ವಿಷಯಕ್ಕೆ ಹೆಚ್ಚು ದಿನ ಇಟ್ಟುಕೋ. ಹತ್ತು ವರ್ಷ ತಕರಾರಿಲ್ಲದೆ ಅನುಭವಿಸಿದವನು ಖಾಸಗಿ ಜಾಗದ ಮೇಲೆ ಹಕ್ಕು ಸಾಧಿಸಬಹುದೆಂಬುದು ಅಲ್ಲಿನ ಕಾಯಿದೆ. ಓಡಿಹೋದವರಿಗೆ ಅನ್ಯಾಯವಾಗದಿರಲೆಂದು 2016ರಲ್ಲಿ ವಿಶೇಷ ಕಾಯಿದೆ ತಂದು, 1983ರ ಮೇ 1ರಿಂದ 2009ರ ಮೇ 18ರ ತನಕದ ಕಾಲವನ್ನು ಲೆಕ್ಕದಿಂದ ಬಿಟ್ಟರು. ಹಾಗಾಗಿ ಜಾಗದಲ್ಲಿ ಬೇರೆಯವರಿದ್ದರೆ ಅವರು ಬಂದ ವರ್ಷವನ್ನು ಬಿಡದೆ ಕೇಳು. ದಾಖಲೆ ಕಳೆದುಕೊಂಡವರ ಹತ್ತಿರ ಬಾವಿಯ ಮಾತು ತೆಗೆ. ಜಾಫ್ನಾ ಕಡೆಯ ಕ್ರಯಪತ್ರಗಳಲ್ಲಿ ಬಾವಿಯ ಪಾಲು, ನೀರಿಗೆ ಹೋಗುವ ದಾರಿಯನ್ನೂ ಬರೆದಿರುತ್ತಾರೆ. ಪಾಲುದಾರರ ಹೆಸರು ಸಿಕ್ಕಿದರೆ ಸಾಕ್ಷಿಗಳೂ ಸಿಕ್ಕಿದಂತೆ.

ಗಂಡ ಕಾಣೆಯಾದ ಮನೆಯಲ್ಲಿ ಮರಣ ಪ್ರಮಾಣಪತ್ರ ಇದೆಯೇ ಎಂದು ನೇರ ಕೇಳಬೇಡ. ಅದನ್ನು ತೆಗೆದುಕೊಂಡರೆ ಸತ್ತನೆಂದು ತಾನೇ ಒಪ್ಪಿದ ಹಾಗೆ ಎಂದು ಹೆಂಡತಿ ತಡೆದಿರುತ್ತಾಳೆ. ಅದಿಲ್ಲದೆ ಅವನ ಹೆಸರಿನ ಜಾಗ ಇವಳ ಹೆಸರಿಗೆ ಬರುವುದಿಲ್ಲ. 2016ರಿಂದ ‘ಕಾಣೆಯಾಗಿದ್ದಾರೆ’ ಎಂಬ ಪ್ರಮಾಣಪತ್ರವೂ ಸಿಗುತ್ತದೆ. ಅದು ಗೊತ್ತಿದೆಯೇ ಎಂದು ಸುರು ಮಾಡು.

ಮನೆಗಳನ್ನು ಹೊರಗಿನಿಂದಲೇ ಓದಬಹುದು. ಭಾರತ ಸರ್ಕಾರದ 50,000 ಮನೆಗಳ ಯೋಜನೆಯಲ್ಲಿ ಮನೆಯವರೇ ಕಟ್ಟಿಕೊಳ್ಳುವುದಾದರೆ ಒಂದಕ್ಕೆ 5,50,000 ಶ್ರೀಲಂಕಾ ರೂಪಾಯಿ, ಹಂತಹಂತವಾಗಿ ಕೊಟ್ಟಿದ್ದರು. ಎಲ್ಲರೂ ಒಟ್ಟಿಗೆ ಕಟ್ಟಲು ಹೊರಟರೆ ಮರಳು, ಸಿಮೆಂಟು, ಮೇಸ್ತ್ರಿ ಮೂರರ ದರವೂ ಏರುತ್ತದೆ. ಮೇಲಾಗಿ ಮಗಳ ವರದಕ್ಷಿಣೆಗೂ ಆಗಲಿ ಎಂದು ಒಂದು ಕೋಣೆ ಹೆಚ್ಚು ಎಬ್ಬಿಸುತ್ತಾರೆ. ಗೋಡೆಗೆ ಗಾರೆಯಿಲ್ಲ, ಕಿಟಕಿಗೆ ಖಾಲಿ ಸಿಮೆಂಟು ಚೀಲ ಕಟ್ಟಿದೆ ಎಂದಾದರೆ ದುಡ್ಡು ಸಾಲದೆ ಅಡವಿಟ್ಟ ಚಿನ್ನದ ಬಗ್ಗೆ ಕೇಳು, ಅದೂ ಹೆಂಗಸರಲ್ಲಿ, ಬೇರೆಯಾಗಿ ಕೂತು.

ತಮಿಳಿನಲ್ಲಿ ಕೇಳಿ ರೂಢಿಯಾಗಲು ಸುಳ್ಯದ ರಬ್ಬರ್ ತೋಟಗಳಿಗೆ ಒಂದೆರಡು ದಿನ ಹೋಗಿ ಬಾ. ಆದರೆ ಆ ಉತ್ತರಗಳನ್ನು ಇದಕ್ಕೆ ಬೆರೆಸಬೇಡ. ಆ ತೋಟಗಳ ತಮಿಳರು 1964ರ ಭಾರತ–ಶ್ರೀಲಂಕಾ ಒಪ್ಪಂದದಲ್ಲಿ ಬಂದವರು, ಯುದ್ಧಕ್ಕೆ ಓಡಿದವರಲ್ಲ. ಅಜ್ಜಂದಿರು ಬಿಟ್ಟುಹೋದ ಭಾರತಕ್ಕೆ ‘ಮರಳಿ’ದವರು!

ಹೆಸರು ಒಂದು ಪುಸ್ತಕದಲ್ಲಿ, ಉತ್ತರ ಇನ್ನೊಂದರಲ್ಲಿ ಇರಲಿ. ಗ್ರಾಮ ಸೇವಕರು, ನಮ್ಮ ವಿಲೇಜ್ ಆಫೀಸರ ಹಾಗೆ, ಜೊತೆಗೆ ಬರುತ್ತೇನೆಂದರೆ ಪಟ್ಟಿಗೆ ಅವರನ್ನು ಕೇಳು, ಸಂದರ್ಶನಕ್ಕೆ ಬೇಡ. ಗಡಿ ತೋರಿಸುತ್ತೇನೆಂದು ಯಾರಾದರೂ ಪೊದೆ ಬೆಳೆದ ಹಿತ್ತಿಲಿಗೆ ಕರೆದರೆ ಬೇಲಿಯ ಹೊರಗೇ ನಿಂತು ನೋಡು. ನೆಲಬಾಂಬು ತೆಗೆಯುವ ಕೆಲಸ ಯುದ್ಧ ಮುಗಿದು ಎಷ್ಟೋ ವರ್ಷ ನಡೆದ ಸೀಮೆ ಅದು. ಮೂತ್ರಕ್ಕೂ ದಾರಿ ಬಿಟ್ಟು ಇಳಿಯಬೇಡ.

ಅಪ್ಪ